ಸಂಡಿಗೆಯಡಿ ಸಿಕ್ಕ ಆಸ್ಟ್ರೇಲಿಯಾ

ದುಬೈಯಲ್ಲಿ ಸಂಸಾರ ಹೂಡಿದವನಿಗೆ ಒಂದು ಹವ್ಯಾಸ ಇರಬೇಕೆಂದು ಬಲ್ಲವರು ಹೇಳುತ್ತಾರೆ. ಕೆಲವರು ಮರಳಿನ ಮೈದಾನದಲ್ಲಿ ಕ್ರಿಕೆಟ್ ಆಡುತ್ತಾರೆ. ಕೆಲವರು ಸಂಘ ಕಟ್ಟುತ್ತಾರೆ. ಆ ಸಂಘ ಒಡೆದು ಇನ್ನೊಂದು ಸಂಘ ಕಟ್ಟುತ್ತಾರೆ. ಇವೆಲ್ಲ ಶ್ರಮದ ಹವ್ಯಾಸಗಳು. ನಾನು ಆರಿಸಿಕೊಂಡದ್ದು ಕೂತಲ್ಲೇ ಮಾಡಬಹುದಾದ, ಯಾರಿಗೂ ಕೇಡಿಲ್ಲದ, ಸಾತ್ವಿಕವಾದ ಒಂದು ಹವ್ಯಾಸ. ಆಸ್ಟ್ರೇಲಿಯಾ ದೇಶದಲ್ಲಿ ಹಿಂದೊಮ್ಮೆ ಹಾಡಿ, ಯಾರೂ ಕೇಳದೆ, ಹಾಡಿದವರೇ ಮರೆತುಬಿಟ್ಟ ಪಾಪ್ ಮತ್ತು ರಾಕ್ ಹಾಡುಗಳ ಹಳೆಯ ರೆಕಾರ್ಡುಗಳನ್ನು ಕೂಡಿಡುವುದು. ಉಡುಪಿ ಸೀಮೆಯ ಉಪಾಧ್ಯನೊಬ್ಬನಿಗೆ ಇದರಿಂದ ಯಾವ ಅಪಾಯ ಬಂದೀತು? ಹೀಗೆಂದು ನಾನು ನನ್ನನ್ನೇ ಕೇಳಿಕೊಂಡಿದ್ದೆ. ಉತ್ತರ ಬರಲು ಸ್ವಲ್ಪ ತಡವಾಯಿತು ಅಷ್ಟೆ!

ಇದರ ಮೂಲ ಭಜನೆ. ನಮ್ಮವರು ಗುರುವಾರ ಸಂಜೆ ಸೇರಿ ಮಾಡುವ ಭಜನೆಗೆ ಒಂದು ಜೊತೆ ಸ್ಪೀಕರ್ ಬೇಕಾಗಿತ್ತು. ಡಿಸ್ಕವರಿ ಗಾರ್ಡನ್ಸ್‌ನಲ್ಲಿದ್ದ ಆಸ್ಟ್ರೇಲಿಯಾದ ಮೇಷ್ಟರೊಬ್ಬರು ಕೆಲಸ ಬಿಟ್ಟು ಊರಿಗೆ ಹೊರಟಿದ್ದಾರೆ, ಮನೆಯ ಸಾಮಾನೆಲ್ಲ ಮಾರುತ್ತಿದ್ದಾರೆ ಎಂದು ಗೊತ್ತಾಗಿ ಹೋದೆ. ಸ್ಪೀಕರ್ ಬೇಕಿದ್ದರೆ ಜೊತೆಗೆ ರೆಕಾರ್ಡ್ ಪ್ಲೇಯರನ್ನೂ ಎರಡು ಪೆಟ್ಟಿಗೆ ರೆಕಾರ್ಡುಗಳನ್ನೂ ಒಯ್ಯಲೇಬೇಕೆಂದು ಅವರು ಹೆಣ್ಣು ಕೊಡುವ ತಂದೆಯ ದೈನ್ಯದಲ್ಲಿ ಕೇಳಿಕೊಂಡರು. ಒಯ್ದೆ. ಅಷ್ಟರಲ್ಲಿ ಭಜನೆಗೆ ಬೇರೆ ಯಾರೋ ಪುಣ್ಯಾತ್ಮರು ಸ್ಪೀಕರ್ ದಾನ ಮಾಡಿಯಾಗಿತ್ತು. ಹೀಗೆ ಆಸ್ಟ್ರೇಲಿಯಾ ಪೂರ್ತಿಯಾಗಿ ನನ್ನ ಪಾಲಿಗೆ ಉಳಿಯಿತು.

ಕೇಳಿ ನೋಡಿದೆ. ಒಬ್ಬನಿಗೆ ಶ್ರುತಿ ಸಿಕ್ಕಿರಲಿಲ್ಲ. ಇನ್ನೊಬ್ಬನಿಗೆ ಸಿಕ್ಕಿತ್ತು, ಆದರೆ ಅವನು ಅದನ್ನು ನಂಬಿದ ಹಾಗೆ ಕಾಣಲಿಲ್ಲ. ಆದರೂ ಎಲ್ಲರೂ ನಾಳೆ ಬೆಳಿಗ್ಗೆ ಜಗತ್ತೇ ತಮ್ಮ ಬಾಗಿಲಿಗೆ ಬರುತ್ತದೆ ಎಂಬ ಭರವಸೆಯಲ್ಲಿ ಹಾಡಿದ್ದರು. ಜಗತ್ತು ಹೋಗಿರಲಿಲ್ಲ. ನನಗೆ ಪಾಪ ಎನಿಸಿತು. ಗೆದ್ದವರ ಹಾಡನ್ನು ಕೇಳಲು ಊರೆಲ್ಲ ಇದೆ. ಸೋತವರದ್ದನ್ನು ಕೇಳಲು ನಾವಿರುವ ಅಲ್ ಕುಸೈಸ್‌ನ ಮೂರನೆಯ ಮಹಡಿಯಲ್ಲಿ ಒಬ್ಬನಾದರೂ ಇರಲಿ ಎಂದು ಸಂಕಲ್ಪ ಮಾಡಿದೆ.

ಸಂಕಲ್ಪ ಬೆಳೆಯಿತು. ಆಸ್ಟ್ರೇಲಿಯಾದಿಂದ ಪಾರ್ಸೆಲ್‌ಗಳು ಬರತೊಡಗಿದವು. ಮೊದಲು ಶೂ ಇಡುವ ಕಪಾಟು ತುಂಬಿತು, ಆಮೇಲೆ ಮಂಚದ ಅಡಿ, ಕೊನೆಗೆ ಅಡುಗೆಮನೆಯ ಮೇಲಿನ ಖಾನೆ. ನನ್ನ ಹೆಂಡತಿ ಜಲಜ ಒಂದು ದಿನ ಅವಲಕ್ಕಿ ಡಬ್ಬ ಹುಡುಕಲು ಹೋಗಿ ಮೆಲ್ಬರ್ನ್ ನಗರದ ಗಡ್ಡದ ಗಾಯಕರೈವರನ್ನು ಮುಖಾಮುಖಿ ಕಂಡಳು.

"ಹೋಯ್, ಇಲ್ಲಿ ಬನ್ನಿ! ಇನ್ನೊಂದು ತಟ್ಟೆ ಈ ಮನೆಯೊಳಗೆ ಬಂದ್ರೆ ನಾನು ಊರಿಗೆ ಹೊರಟೆ. ಹೇಳ್ಲಿಲ್ಲ ಅಂತ ಬೇಡ!"

"ತಟ್ಟೆ ಅಲ್ಲ ಮಾರಾಯ್ತಿ, ರೆಕಾರ್ಡು."

"ಊಟ ಮಾಡ್ಲಿಕ್ಕೆ ಬರುದಿಲ್ಲ, ಆರತಿ ಎತ್ಲಿಕ್ಕೆ ಬರುದಿಲ್ಲ. ತಟ್ಟೆ ಅಂತ ಹೇಳಿದ್ದೇ ಮರ್ಯಾದೆ ಅದಕ್ಕೆ."

ತೀರ್ಪು ಅಂತಿಮವಾಗಿತ್ತು. ಮೇಲ್ಮನವಿಗೆ ಅವಕಾಶವಿರಲಿಲ್ಲ.

ಇನ್ನು ನನ್ನ ಕಚೇರಿಯ ವಿಷಯ. ಕಟ್ಟಡಗಳಿಗೆ ಏರ್ ಕಂಡೀಷನ್ ಅಳವಡಿಸುವ ಕಂಪನಿಯಲ್ಲಿ ನಾನು ಕಡತ ನೋಡಿಕೊಳ್ಳುವ ಗುಮಾಸ್ತ. ಆ ವರ್ಷ ಕೆಲಸಗಳು ನಿಂತಿದ್ದವು. ಒಬ್ಬೊಬ್ಬರನ್ನೇ ಒಳಗೆ ಕರೆದು, ಕೈಕುಲುಕಿ, ಊರಿಗೆ ಕಳಿಸುತ್ತಿದ್ದರು. ಗಲ್ಫಿನಲ್ಲಿ ಇರುವವನಿಗೆ ಯಮನ ಹೆಸರು ಹೇಳಿದರೆ ಅಷ್ಟು ಭಯವಿಲ್ಲ. 'ಕ್ಯಾನ್ಸಲ್' ಎಂದರೆ ಸಾಕು. ವೀಸಾ ಕ್ಯಾನ್ಸಲ್ ಆಯಿತೆಂದರೆ ಮನೆ, ಶಾಲೆ, ಕಾರು, ಫೋನು ಎಲ್ಲವೂ ಮಾಲೆ ಹರಿದ ಮಣಿಗಳ ಹಾಗೆ ಉರುಳಿಹೋಗುತ್ತವೆ. ನನ್ನ ವೀಸಾ ನವೀಕರಣಕ್ಕೆ ಬಂದದ್ದೂ ಅದೇ ತಿಂಗಳು. ಅದಕ್ಕೆ ರುಜು ಹಾಕಬೇಕಾದವರು ಟ್ರೆವರ್ ಸಾಹೇಬರು. ನಮ್ಮ ಜನರಲ್ ಮ್ಯಾನೇಜರ್. ಆಸ್ಟ್ರೇಲಿಯಾದವರು!

ಈ ಟ್ರೆವರ್ ಸಾಹೇಬರು ಆರಡಿ ಮೀರಿದ ಮನುಷ್ಯ. ನಕ್ಕದ್ದನ್ನು ಕಂಡವರಿಲ್ಲ. ಅವರ ಕೋಣೆಗೆ ಕಡತ ಒಯ್ಯುವಾಗ ನಾನು ಬಾಗಿಲ ಹೊರಗೆ ಒಮ್ಮೆ ರಾಯರನ್ನು ನೆನೆದು ಒಳಗೆ ಹೋಗುವುದು. ಅಂಥ ಕೋಣೆಯಲ್ಲಿ ಒಂದು ಭಾನುವಾರ, ಶುಕ್ರ-ಶನಿ ರಜೆಯ ಆ ಕಾಲದಲ್ಲಿ ವಾರದ ಮೊದಲ ಕೆಲಸದ ದಿನ, ಅವರ ಕಪಾಟಿನ ಮೇಲೆ, ಒಂದು ಪುಟ್ಟ ರೆಕಾರ್ಡನ್ನು ಕಂಡೆ. ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು.

"ಸರ್, ಇದು ಯಾವ ಬ್ಯಾಂಡು?"

ಸಾಹೇಬರು ತಲೆ ಎತ್ತಿದರು. ಕಡತದವನಿಗೆ ಬಾಯಿ ಇದೆ ಎಂಬುದು ಅವರಿಗೆ ಹೊಸ ಸಂಗತಿಯಾಗಿತ್ತು.

"ಲೀಕಿಂಗ್ ಟ್ಯಾಂಕ್ಸ್. ನಮ್ಮದೇ. ನಾನು ಡ್ರಮ್ ಬಾರಿಸುತ್ತಿದ್ದೆ. ಹಾಡಿದವನು ನನ್ನ ಗೆಳೆಯ ಕೆನ್ನಿ. ಒಂದೇ ರೆಕಾರ್ಡು ಮಾಡಿದೆವು."

ಸೋರುವ ಟ್ಯಾಂಕುಗಳು! ನನ್ನ ರೋಮ ನಿಮಿರಿತು. ಇಷ್ಟು ಪೂರ್ತಿಯಾಗಿ ಮರೆತುಹೋದ ತಂಡ ನನ್ನ ಸಂಗ್ರಹದಲ್ಲೇ ಇರಲಿಲ್ಲ. ನಾನು ನನ್ನ ಹವ್ಯಾಸವನ್ನು ವಿವರಿಸಿದೆ. ತುಸು ಹೆಚ್ಚಾಗಿಯೇ ವಿವರಿಸಿದೆ. ಈ ಕೊಲ್ಲಿ ಪ್ರದೇಶದಲ್ಲಿ ಇಂಥ ರೆಕಾರ್ಡುಗಳ ರಕ್ಷಣೆ ಬಲ್ಲವನು ನಾನೊಬ್ಬನೇ ಎಂಬ ಅರ್ಥ ಬರುವ ಹಾಗೆ ಮಾತಾಡಿದೆ.

ಸಾಹೇಬರು ರೆಕಾರ್ಡನ್ನು ಕೈಗೆತ್ತಿಕೊಂಡು ಹೇಳಿದರು: "ಶುಕ್ರವಾರ ಕೆನ್ನಿ ಸತ್ತ ದಿನ. ಪ್ರತಿ ವರ್ಷ ಅಂದು ಇದನ್ನೊಮ್ಮೆ ಕೇಳುತ್ತೇನೆ. ಈ ಸಲ ನನ್ನ ಪ್ಲೇಯರ್ ಕೆಟ್ಟಿದೆ. ನಿನ್ನ ಮನೆಗೆ ಬರಲೇ? ಅಲ್ಲಿಯವರೆಗೆ ನೀನೇ ಇಟ್ಟುಕೊಂಡು ಶುಚಿ ಮಾಡಿಡು. ಒಂದು ಮಾತು. ಬೇರೆ ಪ್ರತಿ ಇಲ್ಲ. ಅವನ ಧ್ವನಿ ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲ."

"ಸರ್," ಎಂದೆ, ಎದೆಯ ಮೇಲೆ ಕೈಯಿಟ್ಟು, "ನನ್ನ ಪ್ರಾಣದ ಹಾಗೆ ನೋಡಿಕೊಳ್ಳುತ್ತೇನೆ."

ನನ್ನ ಪ್ರಾಣವನ್ನು ನಾನು ಎಷ್ಟು ಚೆನ್ನಾಗಿ ನೋಡಿಕೊಂಡಿದ್ದೇನೆ ಎಂದು ಅವರು ಕೇಳಬೇಕಿತ್ತು. ಕೇಳಲಿಲ್ಲ.

ಆ ಸಂಜೆ ಕಾರನ್ನು ಕಟ್ಟಡದ ನೆಲಮಾಳಿಗೆಯಲ್ಲಿ ನಿಲ್ಲಿಸಿದಾಗ ಜಲಜಳ ತೀರ್ಪು ನೆನಪಾಯಿತು. ಕೈಯಲ್ಲಿ ತಟ್ಟೆ ಹಿಡಿದು ಒಳಗೆ ಹೋಗುವ ಹಾಗಿಲ್ಲ. ಮಾರನೆಯ ದಿನ ಅವಳು ಅಂಗಡಿಗೆ ಹೋದಾಗ ಒಳಗೆ ಸಾಗಿಸಿದರಾಯಿತು ಎಂದು, ಹಿಂದಿನ ಸೀಟಿನ ಬೆನ್ನಿಗೆ, ಗಾಜಿನ ಕೆಳಗೆ ಇರುತ್ತದಲ್ಲ ಹಲಗೆ, ಅದರ ಮೇಲೆ ಇಟ್ಟು, ಅಲ್ಲೇ ಇದ್ದ ಹಳೆಯ ಟವೆಲ್ಲನ್ನು ಹೊದಿಸಿದೆ. ನೆಲಮಾಳಿಗೆ ತಂಪಾಗಿತ್ತು. ಕೆನ್ನಿ ಸುಖವಾಗಿ ಮಲಗಿದ.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿಯನ್ನು ಹೇಳದೆ ಕತೆ ಮುಂದೆ ಹೋಗುವುದಿಲ್ಲ. ನಮ್ಮ ಕಟ್ಟಡದಲ್ಲಿ ಬಾಲ್ಕನಿಯಲ್ಲಿ ಏನನ್ನೂ ಒಣಹಾಕುವಂತಿಲ್ಲ. ಹಾಗೆಂದು ದುಬೈಯ ಜುಲೈ ತಿಂಗಳ ಬಿಸಿಲನ್ನು ವ್ಯರ್ಥ ಮಾಡಲು ಯಾವ ಕರಾವಳಿಯ ಹೆಂಗಸಿಗಾದರೂ ಮನಸ್ಸು ಬಂದೀತೆ? ಆದ್ದರಿಂದ ಆ ತಿಂಗಳು ಸಂಡಿಗೆ ಹಾಕುವ ದಿನಗಳಲ್ಲಿ ನಮ್ಮ ಕಾರು ವಾಹನದ ಹುದ್ದೆಯಿಂದ ನಿವೃತ್ತಿ ಹೊಂದಿ, ಸಂಡಿಗೆ ಒಣಗಿಸುವ ಪೆಟ್ಟಿಗೆಯಾಗಿ ಸೇವೆ ಸಲ್ಲಿಸುತ್ತದೆ. ಒಳಗೆಲ್ಲ ಪ್ಲಾಸ್ಟಿಕ್ ಹಾಳೆ ಹಾಸಿ ಜಲಜ ಸಂಡಿಗೆ ಹಾಕುತ್ತಾಳೆ. ನಾನು ಕಾರನ್ನು ಹಿಂದಿನ ಮರಳು ಬಯಲಿಗೆ ಒಯ್ದು, ಒಂದು ಗುಲಗಂಜಿಯಷ್ಟು ನೆರಳೂ ಬೀಳದ ಜಾಗದಲ್ಲಿ ನಿಲ್ಲಿಸಿ, ಗಾಜನ್ನು ಒಂದು ಬೆರಳು ಇಳಿಸಿ, ಮೆಟ್ರೋ ಹಿಡಿದು ಕಚೇರಿಗೆ ಹೋಗುತ್ತೇನೆ. ಈ ಊರಿನಲ್ಲಿ ಎಲ್ಲರೂ ನೆರಳು ಹುಡುಕಿ ಕಾರು ನಿಲ್ಲಿಸಿದರೆ, ಬಿಸಿಲು ಹುಡುಕಿ ನಿಲ್ಲಿಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ನನಗೆ ಅದರ ಬಗ್ಗೆ ಸ್ವಲ್ಪ ಅಹಂಕಾರವೂ ಇತ್ತು.

ಸೋಮವಾರ ಬೆಳಿಗ್ಗೆ ನಿದ್ದೆಗಣ್ಣಿನಲ್ಲಿದ್ದ ನನ್ನ ಕೈಗೆ ಜಲಜ ಸಬ್ಬಕ್ಕಿ ಹಿಟ್ಟಿನ ಪಾತ್ರೆ ಕೊಟ್ಟಳು. ನೆಲಮಾಳಿಗೆಗೆ ಇಳಿದೆವು. ಅವಳು ಸೀಟಿನ ಮೇಲೆಲ್ಲ ಹಾಕಿ ಮುಗಿಸಿ, ಹಿಂದಿನ ಹಲಗೆಗೆ ಬಂದಳು. ಟವೆಲ್ಲಿನ ಮೇಲೆಯೇ ಹಾಳೆ ಹಾಸಿದಳು.

"ಹಿಂದೆ ಈ ಸಲ ಒಳ್ಳೆ ಸಪಾಟು ಉಂಟು ಮಾರಾಯ್ರೆ. ಸಂಡಿಗೆ ಉರುಟು ಉರುಟು, ದುಂಡಗೆ ಬರ್ತದೆ."

"ಹೌದು," ಎಂದೆ ನಾನು, ಆಕಳಿಸುತ್ತಾ.

ಹೌದು ಎಂದೆ! ನನ್ನ ಬಾಯಾರೆ! ಅಷ್ಟೇ ಅಲ್ಲ. ಕಾರನ್ನು ಬಯಲಿಗೊಯ್ದು, ಹಿಂದಿನ ಗಾಜಿಗೆ ಸೂರ್ಯನಾರಾಯಣನ ಪೂರ್ಣಾನುಗ್ರಹ ದೊರೆಯುವ ಹಾಗೆ ಎರಡೆರಡು ಸಲ ತಿರುಗಿಸಿ ನಿಲ್ಲಿಸಿದೆ.

ಮಧ್ಯಾಹ್ನ ಟ್ರೆವರ್ ಸಾಹೇಬರು ನನ್ನ ಮೇಜಿನ ಬಳಿ ನಿಂತರು. "ಕೆನ್ನಿ ಹೇಗಿದ್ದಾನೆ? ತಂಪಾದ ಜಾಗದಲ್ಲಿ ಇಟ್ಟಿದ್ದೀಯಷ್ಟೆ? ಬಿಸಿ ತಾಗಿದರೆ ಮುಗಿಯಿತು."

ಟವೆಲ್ಲಿನ ಕೆಳಗೆ ಯಾರು ಮಲಗಿದ್ದಾರೆ ಎಂದು ನನಗೆ ಆ ಕ್ಷಣ ನೆನಪಾಯಿತು. ನಾವೇ ಅಳವಡಿಸಿದ ಏರ್ ಕಂಡೀಷನ್ ಕೆಳಗೆ ನಾನು ಬೆವರಿದೆ. "ತುಂಬಾ ಆರಾಮಾಗಿದ್ದಾರೆ ಸರ್," ಎಂದೆ. ಬದುಕಿರುವವರ ಬಗ್ಗೆ ಹೇಳುವ ಹಾಗೆ.

ಶೌಚಾಲಯಕ್ಕೆ ಓಡಿ ಜಲಜಳಿಗೆ ಫೋನ್ ಮಾಡಿದೆ.

"ಕೂಡಲೇ ಕಾರಿಂದ ಸಂಡಿಗೆ ತೆಗಿ!"

"ಎಂತಕ್ಕೆ? ಇನ್ನೂ ಮೆತ್ತಗುಂಟು ಅದು. ಸಂಜೆವರೆಗೆ ಬೇಕು."

"ಮೆತ್ತಗಾದದ್ದು ಅದೊಂದೇ ಅಲ್ಲ ಮಾರಾಯ್ತಿ!"

"ಬಿಸಿಲು ಎಂತ ನಿಮ್ಮ ತಲೆಗೆ ತಾಗಿತಾ? ಆಫೀಸಲ್ಲಿ ಎ.ಸಿ. ಇಲ್ವಾ?" ಎಂದು ಫೋನ್ ಇಟ್ಟಳು.

ಹೊಟ್ಟೆನೋವೆಂದು ಹೇಳಿ ಹೊರಟೆ. ಅದು ಸುಳ್ಳಾಗಿರಲಿಲ್ಲ. ಮೆಟ್ರೋದಲ್ಲಿ ಪ್ರತಿಯೊಂದು ನಿಲ್ದಾಣದಲ್ಲೂ ಬಾಗಿಲು ತೆರೆದಾಗ ನನಗೆ 'ಕ್ಯಾನ್ಸಲ್, ಕ್ಯಾನ್ಸಲ್' ಎಂದೇ ಕೇಳಿಸುತ್ತಿತ್ತು. ಬಯಲಿಗೆ ಓಡಿ ಕಾರಿನ ಬಾಗಿಲು ತೆಗೆದೆ. ಇಟ್ಟಿಗೆಗೂಡಿನ ಬಾಯಿ ತೆರೆದ ಹಾಗಾಯಿತು. ಸಂಡಿಗೆಯ ಹಾಳೆ ಎತ್ತಿದೆ, ಟವೆಲ್ ಎತ್ತಿದೆ, ಕವರಿನಿಂದ ಕೆನ್ನಿಯನ್ನು ಹೊರಕ್ಕೆ ಎಳೆದೆ.

ಕಾವಲಿಯಿಂದ ಏಳುವ ನೀರುದೋಸೆಯ ಅಂಚನ್ನು ನೀವು ನೋಡಿರಬಹುದು. ಸುತ್ತಲೂ ಹಾಗೆಯೇ ಎದ್ದಿತ್ತು. ನಡುವೆ ಗುಳಿ. ಭೂಮಿಯ ಮೇಲೆ ಇನ್ನೆಲ್ಲೂ ಇಲ್ಲದ ಧ್ವನಿ ಒಂದು ಒಗ್ಗರಣೆ ಸೌಟಿನ ಆಕಾರ ತಾಳಿತ್ತು!

ನಮ್ಮ ಎದುರು ಮನೆಯಲ್ಲಿ ಮೈಸೂರಿನ ಶ್ರೀಕಂಠಯ್ಯನವರಿದ್ದಾರೆ. ಕಂಪ್ಯೂಟರಿನವರು. ಅಂದು ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ನಾನು ರೆಕಾರ್ಡನ್ನು ಮಗುವಿನ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಂಡು ಹೋದೆ.

"ಸುಮ್ನಿರಿ ಉಪಾಧ್ಯರೇ, ಇದಕ್ಯಾಕ್ ಇಷ್ಟೊಂದು ಹೆದರ್ಕೋತೀರಿ?" ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರು. "ನೋಡಿ ಸ್ವಾಮಿ, ಎರಡು ದಪ್ಪ ಗಾಜಿನ ಮಧ್ಯೆ ಇಟ್ಟು, ಓವನ್‌ನಲ್ಲಿ ಸಣ್ಣಗೆ ಬಿಸಿ ಮಾಡಿ, ಮೇಲೆ ಭಾರ ಹೇರ್ಬೇಕಂತೆ. ಸಪಾಟಾಗಿಬಿಡತ್ತೆ."

ಓವನ್ ನಮ್ಮಲ್ಲೂ ಇದೆ. ಆದರೆ ನಮ್ಮವರ ಮನೆಯ ಓವನ್ ಎಂದರೆ ಬಾಣಲೆ, ಇಡ್ಲಿ ತಟ್ಟೆ, ಕುಕ್ಕರಿನ ಮುಚ್ಚಳಗಳು ವಾಸ ಮಾಡುವ ಜಾಗ. ಅವನ್ನು ಖಾಲಿ ಮಾಡಿದರೆ ಜಲಜ ಕೇಳುತ್ತಾಳೆ. ಬಿಸಿಗೆ ಹೇಗೂ ಕಾರು ಇದೆಯಲ್ಲ! ಇನ್ನು ಗಾಜು. ಮನೆಯಲ್ಲಿ ಒಂದೇ ಅಳತೆಯ ಎರಡು ಗಾಜು ಇದ್ದದ್ದು ಒಂದೇ ಕಡೆ. ನಾನು ದೇವರ ಮುಂದೆ ನಿಂತು, ಕ್ಷಮೆ ಕೇಳಿ, ಕೃಷ್ಣನ ಪಟದ ಗಾಜನ್ನೂ ಲಕ್ಷ್ಮಿಯ ಪಟದ ಗಾಜನ್ನೂ ಬಿಚ್ಚಿದೆ. ನಡುವೆ ಕೆನ್ನಿಯನ್ನು ಇಟ್ಟು, ಮರುದಿನವೂ ಹೊಟ್ಟೆನೋವೆಂದು ರಜೆ ಹಾಕಿ, ಬೆಳಿಗ್ಗೆ ಮತ್ತೆ ಕಾರಿಗೆ ಒಯ್ದು ಬಿಸಿ ಮಾಡಿ, ಬಿಸಿಯಿದ್ದಾಗಲೇ ಮೇಲಕ್ಕೆ ತಂದು, ಸೋನಾ ಮಸೂರಿಯ ಅಕ್ಕಿ ಮೂಟೆಯ ಕೆಳಗೆ ಹೂಳಿದೆ. ಮೂಟೆ ನೇರವಾಗಿ ಕೂರಲಿಲ್ಲ. ನಾನೇ ಅದರ ಮೇಲೆ ಕೂತೆ.

ಸಂಜೆ ಜಲಜ ದೀಪ ಹಚ್ಚಲು ಬಂದಳು.

"ದೇವರ ಗಾಜು ಎಲ್ಲಿ?"

ನಾನು ಮೂಟೆಯ ಮೇಲೆ ಇನ್ನಷ್ಟು ಗಟ್ಟಿಯಾಗಿ ಕೂತೆ.

"ನೀವು ಅಕ್ಕಿ ಮೂಟೆ ಮೇಲೆ ಎಂತಕ್ಕೆ ಕೂತದ್ದು?"

ಎರಡೂ ಪ್ರಶ್ನೆಗೆ ಉತ್ತರ ಒಂದೇ ಆಗಿತ್ತು. ಹೇಳಿದೆ. ಸಂಡಿಗೆ, ಸಾಹೇಬರು, ವೀಸಾ ಎಲ್ಲವನ್ನೂ ಹೇಳಿದೆ. ಶುಕ್ರವಾರ ಅವರು ಮನೆಗೆ ಬಂದು ಹಾಡು ಕೇಳುತ್ತಾರೆ ಎಂದೆ. ಯಾಕೆ ಕೇಳುತ್ತಾರೆ ಎಂಬುದನ್ನು ಮಾತ್ರ ಗಡಿಬಿಡಿಯಲ್ಲಿ ಬಿಟ್ಟೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಧೈರ್ಯವಾದರೂ ಬರುತ್ತಿತ್ತು. ಅವಳು ನೆಲದ ಮೇಲೆ ಕೂತುಬಿಟ್ಟಳು.

"ಮಗಳ ಶಾಲೆ ಈಗ ನಡುವಲ್ಲಿ ಉಂಟಲ್ಲ," ಎಂದಳು ಸಣ್ಣ ಧ್ವನಿಯಲ್ಲಿ.

ಅಲ್ಲಿಯವರೆಗೆ ನನಗೆ ಆದದ್ದು ಹೆದರಿಕೆ ಅಲ್ಲ, ಹೆದರಿಕೆಯ ಅಭ್ಯಾಸ ಮಾತ್ರ ಎಂದು ಆಗ ತಿಳಿಯಿತು.

ಮೂಟೆ ಎತ್ತಿ ನೋಡಿದೆವು. ಗುಳಿ ಹೋಗಿತ್ತು. ಅದರ ಬದಲು ಮಲ್ಪೆ ಕಡಲಿನ ಹಾಗೆ ಅಲೆಗಳು ಬಂದಿದ್ದವು. ಕರೆದೊಡನೆ ಬಂದ ಶ್ರೀಕಂಠಯ್ಯನವರು ಅದನ್ನು ಪ್ಲೇಯರ್ ಮೇಲಿಟ್ಟು, ಮುಳ್ಳು ಹಾರದಿರಲೆಂದು ಅದರ ತಲೆಗೆ ಒಂದು ನಾಣ್ಯ ಅಂಟಿಸಿದರು. ಮುಳ್ಳು ದೋಣಿಯ ಹಾಗೆ ಏರಿತು, ಇಳಿಯಿತು, ಆದರೆ ಮುಳುಗಲಿಲ್ಲ. ಹಾಡು ಬಂತು! ಕೆನ್ನಿಯ ಧ್ವನಿ ಏರಿ, ಇಳಿದು, ನಡುಗಿ, ಮಳೆಗೆ ಸಿಕ್ಕಿದ ಮೇಕೆಮರಿಯ ಹಾಗೆ ಕೇಳಿಸಿತು.

"ಬಿಸಿಲು ಏನ್ ಮಾಡಿದೆ ನೋಡಿ ಪಾಪ," ಎಂದರು ಶ್ರೀಕಂಠಯ್ಯ. "ಪರವಾಗಿಲ್ಲ. ಕಂಪ್ಯೂಟರಿಗೆ ಇಳಿಸ್ಕೊಂಡು ಸಾಫ್ಟ್‌ವೇರಲ್ಲಿ ನೆಟ್ಟಗೆ ಮಾಡ್ತೀನಿ. ಶ್ರುತಿ ಅಂದ್ರೆ ಶ್ರುತಿ, ತಾಳ ಅಂದ್ರೆ ತಾಳ. ಸಾಹೇಬ್ರು ದಂಗಾಗ್ಬೇಕು."

ಗುರುವಾರದ ಹೊತ್ತಿಗೆ ಕೆನ್ನಿ ಅಪ್ಪಟ ಶ್ರುತಿಶುದ್ಧ ಗಾಯಕನಾಗಿದ್ದ. ಸಂಗೀತ ಪರೀಕ್ಷೆಗೆ ಕೂರಿಸಿದರೆ ಪಾಸಾಗುವ ಹಾಗಿದ್ದ.

ಯೋಜನೆ ಸಿದ್ಧವಾಯಿತು. ಪ್ಲೇಯರ್ ಮೇಲೆ ಅದೇ ಗಾತ್ರದ ಬೇರೊಂದು ರೆಕಾರ್ಡು ತಿರುಗುವುದು, ಸದ್ದಿಲ್ಲದೆ. ಸ್ಪೀಕರಿನ ತಂತಿ ಸೋಫಾದ ಕೆಳಗಿನಿಂದ ಮಲಗುವ ಕೋಣೆಗೆ ಹೋಗಿ, ಅಲ್ಲಿ ಪರದೆಯ ಹಿಂದೆ ಲ್ಯಾಪ್‌ಟಾಪ್ ಹಿಡಿದು ಕೂತ ಶ್ರೀಕಂಠಯ್ಯನವರನ್ನು ಸೇರುವುದು. ನಾನು ಮುಳ್ಳನ್ನು ಇಳಿಸಿ ಒಮ್ಮೆ ಕೆಮ್ಮುವುದು. ಕೆಮ್ಮಿದೊಡನೆ ಅವರು ಹಾಡು ಬಿಡುವುದು.

"ನಂಗೆ ಇದ್ರಲ್ಲಿ ಸೇರ್ಲಿಕ್ಕಿಲ್ಲ," ಎಂದಳು ಜಲಜ. "ಬಂದವರಿಗೆ ತಿಂಡಿ ಕೊಡ್ತೇನೆ, ಅಷ್ಟೆ. ದೇವರಿಗೆ ಮೊದಲು ಗಾಜು ಹಾಕಿ."

ಶುಕ್ರವಾರ ಸಂಜೆ ಟ್ರೆವರ್ ಸಾಹೇಬರು ಬಂದರು. ಶೂ ಬಿಚ್ಚಿ ಒಳಗೆ ಬಂದಾಗ ನಮ್ಮ ಬಾಗಿಲು ಸಣ್ಣದೆಂದು ನನಗೆ ಮೊದಲ ಸಲ ಗೊತ್ತಾಯಿತು. ಜಲಜ ಕೈಮುಗಿದಳು. ಅವರು ಜೇಬಿನಿಂದ ಒಂದು ಸಣ್ಣ ಫೋಟೋ ತೆಗೆದು ಪ್ಲೇಯರ್ ಪಕ್ಕ ಒರಗಿಸಿಟ್ಟರು. ಕೋಲು ಮುಖದ, ಉದ್ದ ಕೂದಲಿನ ಹುಡುಗ. ಆಮೇಲೆ ಚೀಲದಿಂದ ಶುಂಠಿ ಸೋಡ ತೆಗೆದು ಎರಡು ಲೋಟ ಕೇಳಿದರು. ಒಂದನ್ನು ತಾವು ಹಿಡಿದುಕೊಂಡರು. ಇನ್ನೊಂದನ್ನು ತುಂಬಿಸಿ ಫೋಟೋದ ಮುಂದೆ ಇಟ್ಟರು.

ಜಲಜ ನನ್ನನ್ನು ಅಡುಗೆಮನೆಯ ಬಾಗಿಲಿಗೆ ಕರೆದಳು.

"ಅದೆಂತ ಅವರು ಮಾಡುದು?"

"ಇವತ್ತು ಅವರ ಗೆಳೆಯ ತೀರಿಕೊಂಡ ದಿನ. ಪ್ರತಿ ವರ್ಷ ಹೀಗೆ ಕೇಳ್ತಾರಂತೆ."

ಅವಳ ಮುಖ ಬಿಳಿಚಿತು. "ಅಂದ್ರೆ ಶ್ರಾದ್ಧ ಅಲ್ವಾ ಇದು? ಶ್ರಾದ್ಧದ ದಿನ ಸತ್ತವರ ಧ್ವನಿ ಅಂತ ಹೇಳಿ ಸುಳ್ಳು ಧ್ವನಿ ಕೇಳಿಸ್ತೀರಾ? ಎಂತ ಮನುಷ್ಯ ನೀವು!"

"ಶ್! ವೀಸಾ!" ಎಂದೆ. ಆ ಗಳಿಗೆಯಲ್ಲಿ ನನಗೆ ತಿಳಿದಿದ್ದ ಶಾಸ್ತ್ರ ಅದೊಂದೇ.

ಹಿಂದಿರುಗಿದೆ. ಸಾಹೇಬರು ಕಣ್ಣು ಮುಚ್ಚಿ ಕೂತಿದ್ದರು. ನಾನು ಮುಳ್ಳನ್ನು ಎತ್ತಿದೆ. ಗಂಟಲು ಒಣಗಿತ್ತು. ಒಣಗಿದ ಗಂಟಲು ಏನು ಮಾಡುತ್ತದೆ? ಕೆಮ್ಮುತ್ತದೆ!

ಮುಳ್ಳು ಇನ್ನೂ ನನ್ನ ಕೈಯಲ್ಲಿದೆ. ಕೆನ್ನಿ ಆಗಲೇ ಹಾಡುತ್ತಿದ್ದಾನೆ!

ಥಟ್ಟನೆ ಮುಳ್ಳನ್ನು ಇಳಿಸಿದೆ. ಸಾಹೇಬರ ಕಣ್ಣು ಮುಚ್ಚಿಯೇ ಇತ್ತು. ಬದುಕಿದೆ ಎಂದುಕೊಂಡೆ. ಹಾಡು ನೀರಿನ ಹಾಗೆ ಹರಿಯಿತು. ಒಂದು ಸ್ವರವೂ ಅತ್ತಿತ್ತ ಅಲುಗಲಿಲ್ಲ. ಸಾಹೇಬರ ಹಣೆಯ ಮೇಲೆ ಮಾತ್ರ ಒಂದು ಗೆರೆ ಮೂಡಿತು. ಎರಡಾಯಿತು. ಕಣ್ಣು ತೆರೆದರು.

"ಇದು ಕೆನ್ನಿ ಅಲ್ಲ."

"ಶುಚಿ ಮಾಡಿದೆ ಸರ್," ಎಂದೆ.

"ಅಲ್ಲ. ಇದು ಬೇರೆ ಯಾರೋ." ಅವರು ಎದ್ದು ಬಂದು, ಬಗ್ಗಿ, ತಮ್ಮ ದೊಡ್ಡ ಬೆರಳಿನಿಂದ ಮುಳ್ಳನ್ನು ಮೇಲೆತ್ತಿದರು.

ಹಾಡು ನಿಲ್ಲಲಿಲ್ಲ.

ಸಾಹೇಬರು ಕೈಯಲ್ಲಿದ್ದ ಮುಳ್ಳನ್ನು ನೋಡಿದರು. ಸ್ಪೀಕರನ್ನು ನೋಡಿದರು. ನನ್ನನ್ನು ನೋಡಿದರು. ಕೆನ್ನಿ ಯಾವ ಚಿಂತೆಯೂ ಇಲ್ಲದೆ ಎರಡನೆಯ ಚರಣಕ್ಕೆ ಹೋದ. ಆ ಮೌನದಲ್ಲಿ, ಅಂದರೆ ಆ ಹಾಡಿನಲ್ಲಿ, ನಾನು ಮತ್ತೆ ಮತ್ತೆ ಕೆಮ್ಮಿದೆ. ನಿಲ್ಲಿಸಲು ಯಾವ ಕೆಮ್ಮು ಎಂದು ನಾವು ನಿಶ್ಚಯ ಮಾಡಿರಲಿಲ್ಲ. ಪರದೆಯ ಹಿಂದಿನಿಂದ ಮೈಸೂರಿನ ಧ್ವನಿ ಬಂತು: "ಸೌಂಡ್ ಜಾಸ್ತಿ ಮಾಡ್ಬೇಕೇನ್ರೀ?"

ಜಲಜ ಅಡುಗೆಮನೆಯಿಂದ ಹೊರಗೆ ಬಂದಳು. ನಾನು ಅಲ್ಲಿಯ ಮೇಲಿನ ಖಾನೆಯಲ್ಲಿ ಅಡಗಿಸಿದ್ದ ನಿಜವಾದ ರೆಕಾರ್ಡು ಅವಳ ಕೈಯಲ್ಲಿತ್ತು. ಅವಳು ಆವರೆಗೆ ನನ್ನೆದುರು ಇಂಗ್ಲಿಷ್ ಮಾತಾಡಿದವಳಲ್ಲ.

"ಸಾರ್, ಸಾರಿ. ಕಾರ್ ವೆರಿ ಹಾಟ್. ಐ ಪುಟ್ ಸಂಡಿಗೆ. ಹೀ ಪುಟ್ ಫ್ರೆಂಡ್. ಐ ಡೋಂಟ್ ನೋ ಫ್ರೆಂಡ್ ಈಸ್ ದೇರ್. ಟುಡೇ ಈಸ್ ಗಾಡ್ಸ್ ವರ್ಕ್, ನೋ ಲೈ."

ನಾನು ಏನಾದರೂ ಹೇಳಲೇಬೇಕಿತ್ತು. ಹೇಳಿದೆ. ಕಾರು, ಬಯಲು, ಅಕ್ಕಿ ಮೂಟೆ, ಕೃಷ್ಣ, ಲಕ್ಷ್ಮಿ, ಯಾವುದನ್ನೂ ಬಿಡಲಿಲ್ಲ. ನನ್ನ ಧ್ವನಿ ಒಂದು ಕಡೆ ಆಕಾಶಕ್ಕೆ ಏರುತ್ತಿತ್ತು, ಇನ್ನೊಂದು ಕಡೆ ಪಾತಾಳಕ್ಕೆ ಬೀಳುತ್ತಿತ್ತು. ಸಾಹೇಬರು ನನ್ನನ್ನು ವಿಚಿತ್ರವಾಗಿ, ತಲೆ ಓರೆ ಮಾಡಿ ನೋಡುತ್ತಿದ್ದರು. ಇನ್ನೇನು ಆ ಶಬ್ದ ಬರುತ್ತದೆ ಎಂದು ಕಾದೆ.

ಅವರು ರೆಕಾರ್ಡನ್ನು ಅವಳ ಕೈಯಿಂದ ತೆಗೆದುಕೊಂಡರು. ಬೆಳಕಿಗೆ ಹಿಡಿದು ಅಲೆಗಳನ್ನು ನೋಡಿದರು. ದವಡೆ ಬಿಗಿಯಾಯಿತು. ಪ್ಲೇಯರ್ ಮೇಲಿಟ್ಟು ತಾವೇ ಮುಳ್ಳು ಇಳಿಸಿದರು. ಶ್ರೀಕಂಠಯ್ಯನವರು ಹೊರಗೆ ಬಂದು, ತಲೆ ತಗ್ಗಿಸಿ, ತಂತಿ ಬದಲಾಯಿಸಿ, ಗೋಡೆಗೆ ಅಂಟಿಕೊಂಡು ನಿಂತರು.

ಮುಳ್ಳು ಏರಿತು, ಇಳಿಯಿತು. ಮಳೆಗೆ ಸಿಕ್ಕಿದ ಮೇಕೆಮರಿ ಕೂಗಿತು. ಸಾಹೇಬರ ಹೆಗಲು ಅಲುಗತೊಡಗಿತು. ಅಳುತ್ತಿದ್ದಾರೆ ಎಂದುಕೊಂಡೆ; ಅಳುತ್ತಲೂ ಇದ್ದರು, ನಗುತ್ತಲೂ ಇದ್ದರು.

"ಇವನೇ!" ಎಂದರು. "ಇವನೇ ಕೆನ್ನಿ! ಜೀವಮಾನದಲ್ಲಿ ಒಂದು ಸ್ವರವನ್ನು ನೆಟ್ಟಗೆ ಹಿಡಿದವನಲ್ಲ. ಮೈಕ್ ಕಂಡರೆ ಅಷ್ಟು ಹೆದರುತ್ತಿದ್ದ. ಯಾವ ರೇಡಿಯೋದವನೂ ಇದನ್ನು ಹಾಕಲಿಲ್ಲ."

"ಹಾಗಾದರೆ ಬಿಸಿಲು..." ಎಂದೆ.

"ಬಿಸಿಲು ನನ್ನ ಡ್ರಮ್ಮನ್ನು ಸ್ವಲ್ಪ ಹಾಳು ಮಾಡಿದೆ. ಕೆನ್ನಿಯನ್ನು ಹಾಳು ಮಾಡಲು ಬಿಸಿಲಿನಿಂದ ಆಗುವುದಿಲ್ಲ."

ಇನ್ನೂರು ರೆಕಾರ್ಡು ಕೂಡಿಟ್ಟ ಪಂಡಿತ ನಾನು. ಹೆದರಿದ ಮನುಷ್ಯನ ಧ್ವನಿ ಯಾವುದು, ಬೆಂದ ಪ್ಲಾಸ್ಟಿಕ್ಕಿನ ಧ್ವನಿ ಯಾವುದು ಎಂದು ನನಗೆ ತಿಳಿಯಲಿಲ್ಲ!

ಅವರು ಊಟ ಮಾಡಿಯೇ ಹೋದರು. ಜಲಜ ಶ್ರಾದ್ಧವೆಂದು ಅವಸರದಲ್ಲಿ ಪಾಯಸವನ್ನೂ ಮಾಡಿಬಿಟ್ಟಳು. ಫೋಟೋದ ಹುಡುಗನಿಗೂ ಒಂದು ಎಲೆ ಹಾಕಿದಳು. ಆದರೆ ವೀಸಾದ ಬಗ್ಗೆ ಸಾಹೇಬರು ಒಂದು ಮಾತೂ ಆಡಲಿಲ್ಲ. ಶನಿವಾರ ಪೂರ್ತಿ ನಾವಿಬ್ಬರೂ ಯಾವ ಸಾಮಾನು ಮಾರುವುದು, ಯಾವುದು ಕಾರ್ಗೋದಲ್ಲಿ ಕಳಿಸುವುದು ಎಂದು ಮನೆಯನ್ನು ನೋಡುತ್ತಾ ಕೂತೆವು.

ಭಾನುವಾರ ಬೆಳಿಗ್ಗೆ ಕರೆ ಬಂತು. ಒಳಗೆ ಹೋದೆ. ಸಾಹೇಬರು ಕೈಕುಲುಕಿದರು. ಕೈಕುಲುಕಿದರು! ಊರಿಗೆ ಕಳಿಸುವವರ ಕೈಯನ್ನೇ ಹೀಗೆ ಕುಲುಕುವುದು. ಆಮೇಲೆ ನನ್ನ ಪಾಸ್‌ಪೋರ್ಟನ್ನು ಮೇಜಿನ ಮೇಲೆ ತಳ್ಳಿದರು. ವೀಸಾ ನವೀಕರಣವಾಗಿತ್ತು.

"ಒಂದು ಷರತ್ತು," ಎಂದರು. "ಕಂಪನಿಯ ವಾರ್ಷಿಕೋತ್ಸವದಲ್ಲಿ ನಾನು ಮತ್ತೆ ಡ್ರಮ್ ಬಾರಿಸುತ್ತೇನೆ. ಹಾಡುವವನು ನೀನು. ಅಂದು ನಿನ್ನ ಮನೆಯಲ್ಲಿ ಸಂಡಿಗೆಯ ವಿಷಯ ಹೇಳುವಾಗ ನಿನ್ನ ಧ್ವನಿ ಕೇಳಿದೆ. ಅದು ಕೆನ್ನಿಯದೇ ಧ್ವನಿ."

ಇಲ್ಲ ಎನ್ನುವ ಧೈರ್ಯವಿದ್ದಿದ್ದರೆ ನಾನು ಈ ಕತೆಯಲ್ಲೇ ಇರುತ್ತಿರಲಿಲ್ಲ.

ಅಭ್ಯಾಸವಾಯಿತು. ವಾರ್ಷಿಕೋತ್ಸವವೂ ಬಂತು. ವೇದಿಕೆ ಹತ್ತಿದೆ. ಹಿಂದೆ ಸಾಹೇಬರು, ಮುಂದೆ ನಮ್ಮ ಇಡೀ ಕಂಪನಿ, ಮೊದಲ ಸಾಲಿನಲ್ಲಿ ರೇಷ್ಮೆ ಸೀರೆಯ ಜಲಜ. ಜೇಬಿನಲ್ಲಿ ನವೀಕರಣಗೊಂಡ ವೀಸಾ ಬೆಚ್ಚಗಿತ್ತು. ನನಗೆ ಆಶ್ಚರ್ಯವಾಗುವಷ್ಟು ಧೈರ್ಯ ಬಂದಿತ್ತು. ಹಾಡಿದೆ. ಧ್ವನಿ ಕಂಬದ ಹಾಗೆ ನೆಟ್ಟಗೆ ನಿಂತಿತು. ಭಜನೆಯಲ್ಲಿ ಕೂತು ಕಲಿತ ಶ್ರುತಿ ಎಲ್ಲಿಯೂ ತಪ್ಪಲಿಲ್ಲ. ತಿರುಗಿ ನೋಡಿದರೆ ಸಾಹೇಬರ ಹಣೆಯ ಮೇಲೆ ಆ ಗೆರೆಗಳು!

ಅವರು ಡ್ರಮ್ ಬಾರಿಸುತ್ತಲೇ ಮುಂದಕ್ಕೆ ಬಾಗಿ ನನ್ನ ಕಿವಿಯ ಬಳಿ ಹೇಳಿದರು: "ಅಂದ ಹಾಗೆ, ನಿನ್ನ ವೀಸಾದಲ್ಲಿ ಏನೋ ತೊಂದರೆ ಬಂದಿದೆಯಂತೆ."

ಮುಂದಿನ ಸಾಲು ನನ್ನ ಬಾಯಿಂದ ಹೇಗೆ ಹೊರಟಿತೋ ದೇವರಿಗೇ ಗೊತ್ತು. ಏರಿತು, ಬಿತ್ತು, ನಡುಗಿತು, ಎರಡು ತುಂಡಾಗಿ ಸಭಾಂಗಣದ ಎರಡು ಮೂಲೆಗೆ ಹೋಯಿತು. ಸಾಹೇಬರು "ಕೆನ್ನೀ!" ಎಂದು ಕೂಗಿ, ಕಣ್ಣೀರು ಸುರಿಸುತ್ತಾ, ಕೋಲು ಮುರಿಯುವ ಹಾಗೆ ಬಾರಿಸಿದರು. ಸಭಿಕರು ಎದ್ದು ನಿಂತರು. ಕೆಲವರು ಚಪ್ಪಾಳೆ ತಟ್ಟಲು, ಹೆಚ್ಚಿನವರು ಊಟದ ಕಡೆಗೆ ಹೋಗಲು.

ಹಾಡು ಮುಗಿದ ಮೇಲೆ ಸಾಹೇಬರು ನನ್ನ ಬೆನ್ನು ತಟ್ಟಿ, ತೊಂದರೆ ಏನೂ ಇಲ್ಲವೆಂದೂ ತಮಾಷೆಗೆ ಹೇಳಿದ್ದೆಂದೂ ತಿಳಿಸಿದರು. ನಾನು ವೇದಿಕೆಯಿಂದ ಇಳಿದು, ಕುರ್ಚಿ ಹಿಡಿದು, ಜಲಜಳ ಪಕ್ಕ ಕೂತೆ. ಅವಳು ಸೆರಗಿನ ತುದಿಯಿಂದ ನನ್ನ ಹಣೆ ಒರೆಸಿದಳು.

"ಹಾಡಿದ್ದು ಚಂದ ಆಯ್ತು ಅಂತ ಹೇಳ್ಲಿಕ್ಕೆ ಆಗುದಿಲ್ಲ," ಎಂದಳು. "ಆದ್ರೆ ಹೆದರಿದ್ದು ಮಾತ್ರ ಭಾರೀ ಚಂದ ಇತ್ತು ಮಾರಾಯ್ರೆ."